ಗಂಟೆ ಲೆಕ್ಕವನ್ನೂ ಕೊಡಿ ಸಾರ್: ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರ. ಹರಾಜಾಗಿ ಜನರ ಕೈಗೆ ಬರುವ ಹಳೇ ಪೊಲೀಸ್ ಗಾಡಿಗಳ ಬಗ್ಗೆ ಬರೆಯುತ್ತಿದ್ದೇನೆ.

ಬೆಂಗಳೂರಿನ ಮೈಸೂರು ರಸ್ತೆ ಪಕ್ಕದ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಡೀಸೆಲ್ ಗಾಡಿಗಳೇ ಜಾಸ್ತಿ ಬರುತ್ತವೆ. ಹೋದ ವಾರ ಒಬ್ಬ ಹುಡುಗ ಬಿಳಿ ಬೊಲೆರೊ ತಂದು ನಿಲ್ಲಿಸಿದ. ಅಡುಗೆ ಕಂಟ್ರಾಕ್ಟ್ ಮಾಡುತ್ತಾನೆ. ಮದುವೆ ಮನೆಗೆ ಅಡುಗೆಯವರನ್ನು ಕರೆದುಕೊಂಡು ಹೋಗಲು ತೆಗೆದುಕೊಂಡ ಗಾಡಿ. "ಅಣ್ಣಾ, ಒಂದೂವರೆ ಲಕ್ಷ ಕೂಡ ಓಡಿಲ್ಲ. ಪೊಲೀಸ್ ಗಾಡಿ, ಚೆನ್ನಾಗಿ ಇಟ್ಟಿರ್ತಾರೆ ಅಂದ್ರು" ಅಂದ. ಹರಾಜಿನಿಂದ ಹೊರಬಂದ ಮೇಲೆ ಅದು ಎರಡು ಕೈ ದಾಟಿತ್ತು.

ಪೊಲೀಸ್ ಗಾಡಿ ಅಂತ ಅವನು ಹೇಳಲೇಬೇಕಾಗಿರಲಿಲ್ಲ. ಟಾಪ್ ಮೇಲೆ ಲೈಟ್ ಕೂರಿಸಿದ್ದ ತೂತುಗಳಿಗೆ ಎಂ-ಸೀಲ್ ಮೆತ್ತಿದ್ದರು. ಸ್ಟಿಕ್ಕರ್ ಕಿತ್ತ ಜಾಗದಲ್ಲಿ ಪೇಂಟ್ ಇನ್ನೂ ಹೊಸದು, ಸುತ್ತ ಎಲ್ಲ ಮಾಸಿದ್ದು. ಡ್ಯಾಶ್‌ಬೋರ್ಡ್ ಕೆಳಗೆ ವೈರ್‌ಲೆಸ್ ಸೆಟ್ಟಿನ ವೈರುಗಳನ್ನು ಕತ್ತರಿಸಿ ಹಾಗೇ ಬಿಟ್ಟಿದ್ದರು, ಟೇಪ್ ಕೂಡ ಸುತ್ತಿರಲಿಲ್ಲ. ಡ್ರೈವರ್ ಸೀಟು ಹಳ್ಳ ಬಿದ್ದಿತ್ತು. ಆದರೆ ಕ್ಲಚ್ ಪೆಡಲ್ಲಿನ ರಬ್ಬರ್ ಅಷ್ಟೇನೂ ಸವೆದಿರಲಿಲ್ಲ. ಅಲ್ಲೇ ನನಗೆ ಅನುಮಾನ ಬಂತು. ಈ ಗಾಡಿಯಲ್ಲಿ ಕೂತಿದ್ದು ಜಾಸ್ತಿ, ಓಡಿಸಿದ್ದು ಕಡಿಮೆ.

ಎಂಜಿನ್ ಸ್ಟಾರ್ಟ್ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಮಗುಚಿ ಅದರ ಬಾಯಿ ಮೇಲೆ ಸುಮ್ನೆ ಇಟ್ಟೆ. ಒಳ್ಳೆ ಎಂಜಿನ್ ಆದರೆ ಮುಚ್ಚಳ ಸ್ವಲ್ಪ ನಡುಗಿಕೊಂಡು ಅಲ್ಲೇ ಕೂತಿರುತ್ತದೆ. ಇದು ಕುಣಿದು ಕೆಳಗೆ ಬಿತ್ತು, ಹಿಂದೆಯೇ ಬುಸುಬುಸು ಹೊಗೆ. ನಾವು ಇದನ್ನು ಬ್ಯಾಕ್ ಕಂಪ್ರೆಷನ್ ಅನ್ನುತ್ತೇವೆ. ಪಿಸ್ಟನ್ನಿನ ರಿಂಗು, ಪಿಸ್ಟನ್ ಓಡಾಡುವ ಬೋರು ಸವೆದು ಉರಿದ ಗ್ಯಾಸ್ ಕೆಳಗೆ ಇಳಿಯುತ್ತಿದೆ ಅಂತ ಅರ್ಥ. ಮೀಟರ್ ತಿರುಗಿಸಿರಬೇಕು ಅಂದ ಹುಡುಗ. ಇರಲಿಕ್ಕಿಲ್ಲ ಅಂದೆ. ಗಾಡಿ ನಿಂತಾಗ ಮೀಟರೂ ನಿಲ್ಲುತ್ತದೆ, ಎಂಜಿನ್ ನಿಲ್ಲುವುದಿಲ್ಲ ಅಲ್ವಾ?

ಫ್ರೀಡಂ ಪಾರ್ಕ್ ಹತ್ತಿರ ಪ್ರತಿಭಟನೆ ಇದ್ದ ದಿನ ಪೊಲೀಸರ ಗಸ್ತು ಗಾಡಿ ಹೊಯ್ಸಳ ನಿಂತಿರುವುದನ್ನು ನೀವೂ ನೋಡಿದ್ದೀರಿ. ಎಂಜಿನ್ ಆನ್, ಎಸಿ ಆನ್, ವೈರ್‌ಲೆಸ್ ಆನ್, ಮೇಲೆ ಲೈಟು. ಏಪ್ರಿಲ್ ಬಿಸಿಲಲ್ಲಿ ಇಡೀ ಪಾಳಿ ಒಳಗೆ ಕೂರಬೇಕಾದರೆ ನಾನೂ ಆಫ್ ಮಾಡುತ್ತಿರಲಿಲ್ಲ. ಆ ಸಿಬ್ಬಂದಿಯನ್ನು ದೂರುತ್ತಿಲ್ಲ. ಆದರೆ ನಿಂತಲ್ಲೇ ಉರಿಯುವ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿ ಏರುವುದಿಲ್ಲ. ಆಯಿಲ್ ಒತ್ತಡ ಕಡಿಮೆ ಇರುತ್ತದೆ. ಅರೆಬರೆ ಉರಿದ ಡೀಸೆಲ್ಲು, ಮಸಿ ಎರಡೂ ಆಯಿಲ್ಲಿಗೆ ಸೇರುತ್ತವೆ, ಹೊಗೆಯಲ್ಲಿ ಸ್ವಲ್ಪವನ್ನು ಎಂಜಿನ್ನಿಗೇ ವಾಪಸ್ ಬಿಡುವ ಇಜಿಆರ್ ವಾಲ್ವ್ ಕಟ್ಟಿಕೊಳ್ಳುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇನ್ನೊಂದು ತಲೆನೋವು. ಅದರಲ್ಲಿ ಕೂತ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಒಂದಷ್ಟು ದೂರ ವೇಗವಾಗಿ ಓಡಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಎಲ್ಲಿ ಓಡುತ್ತೆ?

ಅಮೆರಿಕದಲ್ಲಿ ಪೊಲೀಸ್ ಕಾರು ಮಾಡುವ ಫೋರ್ಡ್ ಕಂಪನಿಯದ್ದು ಒಂದು ಲೆಕ್ಕ ಇದೆ. ಒಂದು ಗಂಟೆ ಐಡ್ಲಿಂಗ್, ಅಂದರೆ ನಿಂತಲ್ಲೇ ಎಂಜಿನ್ ಉರಿದರೆ, ಸುಮಾರು 33 ಮೈಲಿ ಓಡಿದಷ್ಟು ಸವೆತ, ಅಂದರೆ 53 ಕಿ.ಮೀ. 2011ರಲ್ಲಿ ತಯಾರಿ ನಿಂತ ಅವರ ಕ್ರೌನ್ ವಿಕ್ಟೋರಿಯಾ ಪೊಲೀಸ್ ಕಾರಿನ ಕೊನೆಯ ವರ್ಷಗಳ ಗಾಡಿಗಳಲ್ಲಿ ಎಂಜಿನ್ ಎಷ್ಟು ಗಂಟೆ ಉರಿದಿದೆ ಅನ್ನುವುದೂ ಮೀಟರಿನಲ್ಲೇ ಕಾಣುತ್ತಿತ್ತು. ನಮ್ಮ ಗಾಡಿ ದಿನಕ್ಕೆ ಆರು ಗಂಟೆ ನಿಂತೇ ಉರಿಯಿತು ಅಂತ ಇಟ್ಟುಕೊಳ್ಳಿ. 300 ಕಿ.ಮೀ. ಮೇಲಾಯಿತು. ವರ್ಷಕ್ಕೆ 300 ದಿನ ಹಿಡಿದರೂ 90 ಸಾವಿರ ದಾಟುತ್ತದೆ. ಮೀಟರಿನಲ್ಲಿ ಇದರ ಸುಳಿವೇ ಇಲ್ಲ. ಅದು ಬೇರೆ ದೇಶ, ಬೇರೆ ಎಂಜಿನ್ ಅಂತ ಅರ್ಧಕ್ಕೆ ಇಳಿಸಿ ನೋಡಿ, ಆಗಲೂ ಕಮ್ಮಿಯೇನಲ್ಲ.

ನಮ್ಮ ಊರುಗಳಲ್ಲಿ ಇದು ಗೊತ್ತಿಲ್ಲದ ವಿಷಯವಲ್ಲ. ಹಳೇ ಟ್ರ್ಯಾಕ್ಟರ್ ಕೊಳ್ಳುವ ರೈತ "ಎಷ್ಟು ಗಂಟೆ ಓಡಿದೆ" ಅಂತಲೇ ಕೇಳುತ್ತಾನೆ. ಜೆಸಿಬಿ ಬಾಡಿಗೆಯೂ ಗಂಟೆ ಲೆಕ್ಕ.

ಎಲ್ಲ ಪೊಲೀಸ್ ಗಾಡಿಯೂ ಹಾಳು ಅನ್ನುತ್ತಿಲ್ಲ. ಸಾಹೇಬರ ಇನ್ನೋವಾ, ಒಬ್ಬರೇ ಡ್ರೈವರ್ ಕೈಯಲ್ಲಿ ಹೈವೇ ಓಡಿದ್ದು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ್ದು ಅಂತಾದರೆ ಎರಡೂವರೆ ಲಕ್ಷ ದಾಟಿದ್ದರೂ ನಾನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇನೆ. ಕಣ್ಣುಮುಚ್ಚಿ ಅಂದರೆ, ಲೋಯರ್ ಆರ್ಮ್ ಬುಷ್ಷು, ಚಾಸಿಯ ತುಕ್ಕು ನೋಡಿಕೊಂಡು. ಹರಾಜಿನಲ್ಲಿ ಕೊಳ್ಳುವವನಿಗೆ ಯಾವುದು ಹೊಯ್ಸಳ, ಯಾವುದು ಸಾಹೇಬರದ್ದು ಅಂತ ಹೇಗೆ ಗೊತ್ತಾಗಬೇಕು?

15 ವರ್ಷ ಮೀರಿದ ಸರ್ಕಾರಿ ಗಾಡಿಗಳು 2023ರ ಏಪ್ರಿಲ್ 1ರಿಂದ ಗುಜರಿಗೇ ಹೋಗಬೇಕು. ಅದಕ್ಕೆ ತಕರಾರಿಲ್ಲ. ಅದಕ್ಕೂ ಮೊದಲೇ ಹರಾಜಾಗಿ ರಸ್ತೆಗೆ ಬರುವ ಗಾಡಿಗಳದ್ದಷ್ಟೇ ನನ್ನ ಮಾತು. ಅವು ಯಾವ ಕೆಲಸಕ್ಕಿದ್ದವು, ಆಯಿಲ್ ಯಾವಾಗ ಬದಲಾಯಿತು, ದೊಡ್ಡ ರಿಪೇರಿ ಏನಾಯಿತು ಅಂತ ಲಾಗ್ ಬುಕ್ ನೋಡಿ ಒಂದು ಹಾಳೆ ಬರೆದು ಗಾಜಿಗೆ ಅಂಟಿಸಿ. ಇನ್ನು ಮುಂದೆ ಕೊಳ್ಳುವ ಗಾಡಿಗೆ, ಜನರೇಟರಿಗೆ ಹಾಕುತ್ತಾರಲ್ಲ, ಅಂಥದ್ದೊಂದು ಗಂಟೆ ಎಣಿಸುವ ಮೀಟರ್ (ಅವರ್ ಮೀಟರ್) ಹಾಕಿಸಿ. ದೊಡ್ಡ ಖರ್ಚಲ್ಲ. ನಿಮಗೂ ಲಾಭ ಇದೆ. ಕಿಲೋಮೀಟರ್ ಆಗಲಿ ಅಂತ ಕಾಯದೆ ಗಂಟೆ ನೋಡಿ ಆಯಿಲ್ ಬದಲಾಯಿಸಿದರೆ ಎಂಜಿನ್ನೇ ಜಾಸ್ತಿ ದಿನ ಬಾಳುತ್ತದೆ.

ಹುಡುಗನ ಬೊಲೆರೊ ಎಂಜಿನ್ ಇಳಿಸಿದ್ದೇನೆ. ಬೋರ್ ಮಾಡಿಸಲು ಲೇತ್‌ಗೆ ಹೋಗಿದೆ. "ಶ್ರಾವಣಕ್ಕೆ ಮದುವೆ ಆರ್ಡರ್ ಇದೆ, ಆಷಾಢ ಮುಗಿಯೋದ್ರೊಳಗೆ ಕೊಡಣ್ಣ" ಅಂತ ದಿನಾ ಫೋನ್ ಮಾಡುತ್ತಿದ್ದಾನೆ.

ಇಂತಿ,
ಮೈಸೂರು ರಸ್ತೆಯ ಒಬ್ಬ ಮೆಕ್ಯಾನಿಕ್