ಕಾದಂಬರಿ ಯಾರವಳು?

ರಾಜ್ಯೋತ್ಸವದ ಸಂಚಿಕೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ನಾನು ಬರೆಯಲು ಕುಳಿತಿರುವುದು ರಾತ್ರಿ ಹನ್ನೊಂದೂವರೆಗೆ. ಕಳೆದ ಭಾನುವಾರ ಕನ್ನಡ ತರಗತಿಯಲ್ಲಿ ‘ಇದು ಶಿವರಾಮ ಕಾರಂತರ ಕಾದಂಬರಿ’ ಎಂಬ ವಾಕ್ಯವನ್ನು ಓದಿಸುತ್ತಿದ್ದಾಗ, ಕಾದಂಬರಿ ಎಂಬ ಹೆಸರಿನ ಎಂಟು ವರ್ಷದ ಹುಡುಗಿ ಪುಸ್ತಕ ಮುಚ್ಚಿ, “ಆಂಟಿ, ನಾನು ಅವರವಳಲ್ಲ, ನಮ್ಮಪ್ಪನ ಕಾದಂಬರಿ” ಎಂದು ತಕರಾರು ತೆಗೆದಳು.

ನಾನು ಬೆಳೆದ ಮನೆಯಲ್ಲಿ ಆ ಪದ ಬೈಗುಳದ ಜೊತೆಗೇ ಬರುತ್ತಿತ್ತು. ಅಮ್ಮ ವಾರಪತ್ರಿಕೆಯ ಧಾರಾವಾಹಿಯನ್ನು ವಾರವಾರವೂ ಕತ್ತರಿಸಿಟ್ಟು, ಕೊನೆಯ ಕಂತು ಬಂದ ಮೇಲೆ ದಬ್ಬಳದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದರು. ಹಾಲು ಉಕ್ಕಿದರೆ ಸಾಕು, ಅಜ್ಜಿ “ಕಾದಂಬರಿ ಹಿಡಿದು ಕೂತರೆ ಇನ್ನೇನಾಗುತ್ತದೆ” ಎನ್ನುತ್ತಿದ್ದರು. ಒಂದು ಕಟ್ಟಿನಲ್ಲಿ ನಡುವಿನ ಕಂತೇ ಇರಲಿಲ್ಲ, ಎರವಲು ಒಯ್ದವರು ಅದರ ಮೇಲೆ ಬಜ್ಜಿ ಹರವಿದ್ದರು. ಅಷ್ಟು ಭಾಗವನ್ನು ಅಮ್ಮ ನನಗೆ ಬಾಯಲ್ಲೇ ಹೇಳಿ ಮುಗಿಸಿದರು.

ಅಂಥ ಪದ ಮಗುವಿನ ಹೆಸರಾದದ್ದು ಹೊಸ ಷೋಕಿಯೆಂದು ತೋರಬಹುದು, ಆದರೆ ಹುಡುಗಿಯ ಹೆಸರೇ ಮೊದಲು, ಸಾಹಿತ್ಯಪ್ರಕಾರ ಆಮೇಲೆ. 7ನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟನ ಗದ್ಯಕಾವ್ಯದ ನಾಯಕಿ, ಗಂಧರ್ವರಾಜ ಚಿತ್ರರಥನ ಮಗಳು ಕಾದಂಬರಿ. ಕವಿ ಒಂದನೆಯ ನಾಗವರ್ಮ ಅವಳನ್ನು ಗದ್ಯ ಪದ್ಯ ಬೆರೆತ ಚಂಪುವಿನಲ್ಲಿ ಕನ್ನಡಕ್ಕೆ ಕರೆತಂದ. ಪಶ್ಚಿಮದ ನಾವೆಲ್ ಬಂದಾಗ ಕನ್ನಡಿಗರೂ ಮರಾಠಿಗರೂ ಅವಳ ಹೆಸರನ್ನೇ ಆ ಪ್ರಕಾರಕ್ಕೆಲ್ಲ ಇಟ್ಟರು. (ಸಂಸ್ಕೃತದಲ್ಲಿ ಒಂದು ಬಗೆಯ ಮದ್ಯಕ್ಕೂ ಅದೇ ಹೆಸರೆಂಬುದನ್ನು ತರಗತಿಯಲ್ಲಿ ಹೇಳಲಿಲ್ಲ.)

“ಕಥೆಯಲ್ಲಿ ನಾನು ಯಾವಾಗ ಬರ್ತೀನಿ?” ಎಂದು ಮಗು ಕೇಳಿತು. ಬಹಳ ತಡವಾಗಿ ಎನ್ನದೆ ವಿಧಿಯಿರಲಿಲ್ಲ. ಶೂದ್ರಕನ ಸಭೆಯ ಗಿಳಿ ಹೇಳುವ ಕಥೆಯೊಳಗೆ ಜಾಬಾಲಿ ಋಷಿಯ ಕಥೆ, ಅದರೊಳಗೆ ಅಚ್ಛೋದ ಸರೋವರದ ದಡದಲ್ಲಿ ವೀಣೆ ನುಡಿಸುವ ಮಹಾಶ್ವೇತೆಯ ಕಥೆ, ಅದಾದ ಮೇಲಷ್ಟೇ ನಾಯಕಿ. ಗೆಳತಿ ಮಹಾಶ್ವೇತೆ ದುಃಖದಲ್ಲಿರುವವರೆಗೆ ತಾನು ಮದುವೆಯಾಗುವುದಿಲ್ಲವೆಂದು ಹಟ ಹಿಡಿದವಳು ಅವಳೆಂದಾಗ ನಮ್ಮ ಕಾದಂಬರಿ ಪಕ್ಕದಲ್ಲಿದ್ದ ಗೆಳತಿಯನ್ನು ನೋಡಿ, “ಇವಳು ಯಾವಾಗಲೂ ಅಳ್ತಾನೇ ಇರ್ತಾಳೆ” ಎಂದಳು.

ಬಾಣ ಕೃತಿಯನ್ನು ಮುಗಿಸದೆ ತೀರಿಕೊಂಡ. ಉಳಿದದ್ದನ್ನು ಬರೆದು ಪೂರೈಸಿದವನು ಅವನ ಮಗ. ಈ ಪತ್ರಿಕೆಗೆ ಅಂಥವರು ಯಾರೂ ಇಲ್ಲ. ಪುಟ ಜೋಡಿಸುತ್ತಿದ್ದವರು ಊರಿಗೆ ಮರಳಿದ್ದಾರೆ, ಕರಡು ತಿದ್ದಲು ನಾನೊಬ್ಬಳೇ. ತಿಂಗಳಿಗೆ ಎರಡು ಸಂಜೆ ಬಿಡುವಿರುವವರು ದಯವಿಟ್ಟು ತಿಳಿಸಬೇಕು. ರಾಜ್ಯೋತ್ಸವ ಈ ಶನಿವಾರ 3 ಗಂಟೆಗೆ, ಹಳೆಯ ಸಭಾಂಗಣದಲ್ಲಿಯೇ. ಬಿಸಿಬೇಳೆಬಾತ್ ಮಾಡುವವರು ಪಾತ್ರೆಗಳನ್ನು ತಾವೇ ತರತಕ್ಕದ್ದು. ಮಕ್ಕಳ ನಾಟಕದ ತಾಲೀಮು ಶುಕ್ರವಾರ ಸಂಜೆ.

ಮುಖಪುಟದ ಗಿಳಿ ಕಾದಂಬರಿಯೇ ಬರೆದ ಚಿತ್ರ. ಅದರ ಕೊಕ್ಕೂ ಹಸಿರಾಗಿರುವುದು ಮುದ್ರಣದೋಷವಲ್ಲ.