ಸೈಟ್ ಕೊಳ್ಳುವ ಮುಂಚೆ

ಚಿ. ಮಂಜುನಾಥನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಇಸಿ (ಋಣಭಾರ ಪತ್ರ), ಖಾತಾ ಎರಡೂ ನೋಡಿದೆ. ತಕರಾರಿಲ್ಲ. ಆದರೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕ ಅಷ್ಟು ಕಡಿಮೆ ರೇಟಿಗೆ ಯಾಕೆ ಕೊಡುತ್ತಿದ್ದಾರೆ ಅಂತ ಕೇಳಿದೆಯಾ? ಸಾಲ, ಮಾರಾಟ ಇಸಿಯಲ್ಲಿ ಸಿಗುತ್ತದೆ. ಮಣ್ಣಿಗೆ ಏನು ಸುರಿದಿದ್ದರು ಅನ್ನುವುದು ಸಿಗುವುದಿಲ್ಲ.

ಅಮೆರಿಕದ ನಯಾಗರಾ ಫಾಲ್ಸ್ ಊರಿನಲ್ಲಿ ಲವ್ ಕೆನಾಲ್ ಅಂತ ಒಂದು ಬಡಾವಣೆ ಇತ್ತು. ಅರ್ಧಕ್ಕೆ ಬಿಟ್ಟ ಹಳೇ ಕಾಲುವೆಗೆ ಹುಕರ್ ಕೆಮಿಕಲ್ ಕಂಪನಿ 1942ರಿಂದ ಸುಮಾರು 21 ಸಾವಿರ ಟನ್ ರಾಸಾಯನಿಕ ತ್ಯಾಜ್ಯ ತುಂಬಿತು. 1953ರಲ್ಲಿ ಅದನ್ನು ಶಾಲಾ ಮಂಡಳಿಗೆ ಒಂದೇ ಡಾಲರಿಗೆ ಬರೆದುಕೊಟ್ಟಿತು. ಒಳಗೆ ಕೆಮಿಕಲ್ ಇದೆ, ಮುಂದೆ ಏನಾದರೂ ಆದರೆ ನಾವು ಹೊಣೆಯಲ್ಲ ಅಂತ ಆ ಕ್ರಯಪತ್ರದಲ್ಲೇ ಇತ್ತು, ನೋಡು! ಆದರೂ ಅಲ್ಲಿ ಸ್ಕೂಲ್ ಕಟ್ಟಿದರು, ಸುತ್ತ ಮನೆ ಎದ್ದವು. ಆಮೇಲೆ ಕೊಂಡ ಎಷ್ಟೋ ಜನರ ಕಿವಿಗೆ ಆ ಮಾತು ಬೀಳಲೇ ಇಲ್ಲ. ಜೋರು ಮಳೆ, ಹಿಮ ಬಿದ್ದ ವರ್ಷಗಳಲ್ಲಿ ನೆಲಮಾಳಿಗೆಗಳಲ್ಲಿ ವಿಷ ಜಿನುಗಿತು. 1978ರ ಆಗಸ್ಟಿನಲ್ಲಿ ಬಸುರಿಯರೂ ಎರಡು ವರ್ಷದೊಳಗಿನ ಮಕ್ಕಳೂ ಜಾಗ ಬಿಡಬೇಕು ಅಂತ ಸರ್ಕಾರವೇ ಹೇಳಬೇಕಾಯಿತು.

ಅದಕ್ಕೇ ಮದರ್ ಡೀಡ್, ಅಂದರೆ ಜಾಗದ ಹಳೇ ಮೂಲಪತ್ರ, ಕೇಳು. ಒಂದೊಂದು ಷರತ್ತೂ ಓದು.

ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಹೊಸ ಸುದ್ದಿಯಲ್ಲ. ನಾನೇ ಲೋಹಕ್ಕೆ ಕ್ರೋಮಿಯಂ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನಲ್ಲಿ ದುಡಿದವನಲ್ವಾ. ತೊಳೆದ ನೀರು ಅರಿಶಿನ ಕದಡಿದ ಹಾಗೆ ಹಳದಿ. ಗಾಯದ ಮೇಲೆ ಬಿದ್ದರೆ ಹುಣ್ಣು ಬೇಗ ಮಾಯುತ್ತಿರಲಿಲ್ಲ. ಬೋರ್ ನೀರಿನಲ್ಲಿ ಅದೇ ತೆಳುವಾಗಿ ಸೇರಿದರೆ ಬಣ್ಣ ಕಾಣುವುದಿಲ್ಲ, ವಾಸನೆಯೂ ಇಲ್ಲ. ಕುದಿಸಿದರೂ ಹೋಗುವುದಿಲ್ಲ. ಆ ಹಳದಿ ನೀರಿನಲ್ಲಿದ್ದ ಕ್ರೋಮಿಯಂ ರೂಪಕ್ಕೆ ಹೆಕ್ಸಾವೇಲೆಂಟ್ ಕ್ರೋಮಿಯಂ ಅಂತಾರೆ, ಅದು ಕ್ಯಾನ್ಸರ್ ತರುವ ವಸ್ತು.

ಕುಡಿಯೋಕೆ ಕಾವೇರಿ ನೀರು ಬರುತ್ತೆ ಬಿಡಿ ದೊಡ್ಡಪ್ಪ ಅಂತೀಯ. ಸರಿ. ಪಾಪು ಅಂಬೆಗಾಲಿಡುವುದು ಎಲ್ಲಿ? ಅಲ್ಲಿ ಹಿಂದೆ ಹಳೇ ಬ್ಯಾಟರಿ ಕರಗಿಸುತ್ತಿದ್ದರೆ ಮಣ್ಣಲ್ಲಿ ಸೀಸ ಇರುತ್ತದೆ. ಧೂಳು ಕೈಗೆ, ಕೈ ಬಾಯಿಗೆ. ಸೀಸ ಮೊದಲು ಕೆಡಿಸುವುದು ಮಕ್ಕಳ ಮಿದುಳನ್ನು. ಹೊಟ್ಟೆನೋವು, ಜ್ವರ ಅಂತ ಏನೂ ತೋರಿಸದೆಯೇ ಕೆಡಿಸಬಹುದು.

ಬ್ರೋಕರನ್ನು ಸುಮ್ನೆ ಕೇಳಬೇಡ, ಪ್ರಯೋಜನವಿಲ್ಲ. ಪಕ್ಕದ ಟೀ ಅಂಗಡಿಯ ವಯಸ್ಸಾದವರನ್ನು ಕೇಳು: ಮೊದಲು ಇಲ್ಲಿ ಏನಿತ್ತು, ಗುಂಡಿ ತುಂಬಿಸಿದ್ದು ಯಾವುದರಿಂದ? ಮಣ್ಣು, ಬೋರ್ ನೀರು ಎರಡನ್ನೂ ಲ್ಯಾಬಿಗೆ ಕೊಡು. ಬರೀ ಗಡಸು, ಉಪ್ಪು ನೋಡಿದರೆ ಸಾಲದು; ಕ್ರೋಮಿಯಂ, ಸೀಸ ಅಂತ ಹೆಸರು ಹೇಳಿ ಬರೆಸು. ಬಾಟಲಿ ಅವರೇ ಕೊಡುತ್ತಾರೆ.

ರಿಪೋರ್ಟ್ ಬರುವವರೆಗೆ ಟೋಕನ್ ಅಡ್ವಾನ್ಸ್ ಕೊಡಬೇಡ. ಭಾನುವಾರ ನಾನೂ ಬರುತ್ತೇನೆ, ಸೈಟ್ ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ