ಹೆಸ್ ನಿಯಮವನ್ನು ಅಳೆದು ತೋರಿಸಿ

ಮಾನ್ಯ ಸಂಪಾದಕರೇ,

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಹೆಸ್ ನಿಯಮ ಗೊತ್ತಿರುತ್ತದೆ: ರಾಸಾಯನಿಕ ಕ್ರಿಯೆ ಒಂದೇ ಹಂತದಲ್ಲಿ ನಡೆದರೂ ಹಲವು ಹಂತಗಳಲ್ಲಿ ನಡೆದರೂ ಒಟ್ಟು ಶಾಖ ಒಂದೇ. ಒಂದು ಸಮೀಕರಣ ತಿರುಗಿಸಿ, ಇನ್ನೊಂದಕ್ಕೆ ಕೂಡಿಸಿ, ಎಂಥಾಲ್ಪಿ (ಕ್ರಿಯೆಯ ಶಾಖದ ಲೆಕ್ಕ) ಬರೆದರೆ ಅಂಕ ಗಿಟ್ಟುತ್ತದೆ. ಶಕ್ತಿ ಸಂರಕ್ಷಣೆ ನಿಯಮ ಒಪ್ಪಿದ ಮೇಲೆ ಇದು ತಾನಾಗಿಯೇ ಬರುತ್ತದೆ ಎಂದು ಪಾಠ ಮುಗಿಸುವುದು ರೂಢಿ. ಆದರೆ ಹೆಸ್ ತಮ್ಮ ನಿಯಮ ಪ್ರಕಟಿಸಿದ್ದು 1840ರಲ್ಲಿ. ಶಕ್ತಿ ಸಂರಕ್ಷಣೆ ಕುರಿತ ಜರ್ಮನ್ ವೈದ್ಯ ಮೇಯರ್ ಅವರ ಲೇಖನ ಬಂದದ್ದು 1842ರಲ್ಲಿ. ಹೆಸ್ ಕೈಯಲ್ಲಿ ಆಗ ಇದ್ದದ್ದು ಶಾಖ ಅಳೆಯುವ ಸಾಧನವಾದ ಕ್ಯಾಲೊರಿಮೀಟರ್‌ನ ಅಂಕಿಗಳು ಮಾತ್ರ.

ರಷ್ಯನ್ನರು ಗೆರ್ಮಾನ್ ಇವಾನೊವಿಚ್ ಗೆಸ್ ಎಂದು ಕರೆಯುವ ಈತ 1802ರಲ್ಲಿ ಜಿನೀವಾದಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ರಷ್ಯಾಕ್ಕೆ ಬಂದವರು. ಡೋರ್ಪಾಟ್‌ನಲ್ಲಿ (ಇಂದಿನ ಎಸ್ಟೋನಿಯಾದ ಟಾರ್ಟು) ವೈದ್ಯಕೀಯ ಓದಿ, ಸ್ಟಾಕ್‌ಹೋಮ್‌ನಲ್ಲಿ ಕೆಲಕಾಲ ರಸಾಯನ ವಿಜ್ಞಾನಿ ಬರ್ಜೀಲಿಯಸ್ ಬಳಿ ಇದ್ದು, ಸೈಬೀರಿಯಾದ ಇರ್ಕುಟ್ಸ್ಕ್‌ನಲ್ಲಿ ವೈದ್ಯರಾಗಿದ್ದರು. 1830ರಿಂದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೆಲೆ. ತೀರಿಕೊಂಡದ್ದು 1850ರಲ್ಲಿ, 48ನೇ ವಯಸ್ಸಿಗೆ.

ಅವರ ಮುಖ್ಯ ಪ್ರಯೋಗ ಹೀಗಿತ್ತು: ಸಲ್ಫ್ಯೂರಿಕ್ ಆಮ್ಲಕ್ಕೆ ಬೇರೆ ಬೇರೆ ಪ್ರಮಾಣದ ನೀರು ಸೇರಿಸಿ ಆ ಶಾಖ ಅಳೆಯುವುದು, ಬಳಿಕ ಅಮೋನಿಯಾದಿಂದ ತಟಸ್ಥಗೊಳಿಸಿ ಮತ್ತೆ ಅಳೆಯುವುದು. ನೀರು ಬೆರೆಸದ ಆಮ್ಲ ಅಮೋನಿಯಾದೊಡನೆ ಕೊಟ್ಟದ್ದು 595.8 ಮಾನ. ಸ್ವಲ್ಪ ನೀರು ಸೇರಿಸಿದಾಗ ನೀರಿನಿಂದ 77.8 ಮತ್ತು ಅಮೋನಿಯಾದಿಂದ 518.9, ಒಟ್ಟು 596.7. ಇನ್ನಷ್ಟು ಸೇರಿಸಿದಾಗ 116.7 ಮತ್ತು 480.5, ಒಟ್ಟು 597.2. ಅತಿ ಹೆಚ್ಚು ನೀರಿನ ಸಾಲಿನಲ್ಲಿ 155.6 ಮತ್ತು 446.2, ಒಟ್ಟು 601.8. ಬಿಡಿ ಅಂಕಿಗಳು ಎಷ್ಟು ಏರುಪೇರಾದರೂ ಮೊತ್ತದ ವ್ಯತ್ಯಾಸ ನೂರಕ್ಕೆ ಒಂದರಷ್ಟೇ. ನಮ್ಮ ಅಭಿಪ್ರಾಯದಲ್ಲಿ ಹತ್ತು ಲೆಕ್ಕ ಬಿಡಿಸುವುದಕ್ಕಿಂತ ಈ ನಾಲ್ಕು ಸಾಲು ನೋಡುವುದು ಮೇಲು.

ಇದನ್ನೇ ಕಾಲೇಜಿನ ಲ್ಯಾಬಿನಲ್ಲಿ ಕಾಸ್ಟಿಕ್ ಸೋಡಾದಿಂದ (ಸೋಡಿಯಂ ಹೈಡ್ರಾಕ್ಸೈಡ್) ತೋರಿಸಬಹುದು. ಒಂದರೊಳಗೊಂದು ಇಟ್ಟ ಎರಡು ಥರ್ಮಾಕೋಲ್ ಲೋಟ, ಮುಚ್ಚಳ, 0.1 ಡಿಗ್ರಿ ಗುರುತಿರುವ ಥರ್ಮಾಮೀಟರ್ ಸಾಕು. ಮೊದಲು 2 ಗ್ರಾಂ ಸೋಡಾವನ್ನು 100 ಮಿಲಿ ನೀರಿಗೆ ಹಾಕಿ. ಉಷ್ಣತೆ ಸುಮಾರು 5 ಡಿಗ್ರಿ ಏರುತ್ತದೆ. ಬಳಿಕ ತಲಾ 50 ಮಿಲಿಯಷ್ಟು 1 ಮೋಲಾರ್ (ಲೀಟರಿಗೆ 1 ಮೋಲ್, ಸೋಡಾದಲ್ಲಿ 40 ಗ್ರಾಂ) ಸೋಡಾ ದ್ರಾವಣ ಮತ್ತು ಹೈಡ್ರೊಕ್ಲೋರಿಕ್ ಆಮ್ಲ ಬೆರೆಸಿ. ಆರೂವರೆ ಡಿಗ್ರಿ ಮೀರಿ ಏರುತ್ತದೆ. ಕೊನೆಗೆ 2 ಗ್ರಾಂ ಸೋಡಾವನ್ನು ನೇರವಾಗಿ 100 ಮಿಲಿಯಷ್ಟು 0.5 ಮೋಲಾರ್ ಆಮ್ಲಕ್ಕೇ ಹಾಕಿ. ಏರಿಕೆ 12ರ ಹತ್ತಿರ ಬರಬೇಕು. ಮೂರರಲ್ಲೂ ದ್ರವ 100 ಮಿಲಿ, ಸೋಡಾ 0.05 ಮೋಲ್ ಆದ್ದರಿಂದ ಮೊದಲೆರಡರ ಡಿಗ್ರಿಗಳನ್ನೇ ಕೂಡಿಸಿ ಮೂರನೆಯದರೊಡನೆ ಹೋಲಿಸಿ ನೋಡಬಹುದು, ಜೂಲ್‌ಗೆ ಬದಲಿಸುವ ಗೋಜಿಲ್ಲ.

ಕೆಡುವುದು ಬಹುಪಾಲು ತೂಕದಲ್ಲಿ. ಸೋಡಾ ಗುಳಿಗೆ ಗಾಳಿಯ ತೇವ ಹೀರಿ ನಿಮಿಷಗಳಲ್ಲೇ ಅಂಟತೊಡಗುತ್ತದೆ. ಮಳೆಗಾಲದಲ್ಲಂತೂ ಕಾಗದದ ಮೇಲೆ ತೂಗಿದ 2 ಗ್ರಾಂನಲ್ಲಿ ನೀರೂ ಸೇರಿರುತ್ತದೆ. ಬಿರಡೆಯಿರುವ ಬಾಟಲಿಯಲ್ಲೇ ತೂಗಬೇಕು. ಥರ್ಮಾಕೋಲ್ ಬದಲು 100 ಗ್ರಾಂ ತೂಕದ ಗಾಜಿನ ಬೀಕರ್ ಬಳಸಿದರೆ ಗಾಜೇ ಶಾಖ ಹೀರಿಕೊಂಡು ಏರಿಕೆ ಆರನೇ ಒಂದರಷ್ಟು ತಗ್ಗುತ್ತದೆ. ಗುಳಿಗೆ ನಿಧಾನ ಕರಗುವಾಗ ಶಾಖ ಸೋರುವುದರಿಂದ ಅರ್ಧ ನಿಮಿಷಕ್ಕೊಮ್ಮೆ ಉಷ್ಣತೆ ಬರೆದು, ಗ್ರಾಫ್‌ನ ಇಳಿಜಾರು ಗೆರೆಯನ್ನು ಬೆರೆಸಿದ ಕ್ಷಣದವರೆಗೆ ಹಿಂದಕ್ಕೆ ಎಳೆಯಬೇಕು. ಎರಡನೇ ಹಂತದಲ್ಲಿ ದ್ರಾವಣಗಳೆರಡೂ ಮೊದಲೇ ಒಂದೇ ಉಷ್ಣತೆಗೆ ಬಂದಿರಲಿ. ಕನ್ನಡಕ ಕಡ್ಡಾಯ, ಗುಳಿಗೆಗೆ ಬರಿಗೈ ತಾಗಿಸಬಾರದು.

ಇಷ್ಟಕ್ಕೆ ಎರಡು ಪೀರಿಯಡ್ ಸಾಕು. ಪಠ್ಯಪುಸ್ತಕ ಪರಿಷ್ಕರಿಸುವವರು ಹೆಸ್ ಅವರ ಆ ನಾಲ್ಕು ಸಾಲಿನ ಕೋಷ್ಟಕವನ್ನು ನಿಯಮದ ಪಕ್ಕದಲ್ಲೇ ಅಚ್ಚು ಹಾಕಲಿ. ಉಪನ್ಯಾಸಕರು ಪ್ರಯೋಗ ಮೊದಲು ಮಾಡಿಸಿ, ಲೆಕ್ಕ ಆಮೇಲೆ ಕೊಡಲಿ.

– ರಸಾಯನಶಾಸ್ತ್ರ ಉಪನ್ಯಾಸಕರ ಬಳಗ, ಮೈಸೂರು